ರೈಫಲ್ ಕೊಟ್ಟು ಜೋಡಿ ನಳಿಗೆ ತಗೊಂಡೆ: ಎಸ್ಟೇಟ್ ಮನೆಗೆ ಕೋವಿ ಆರಿಸಿದ ನನ್ನ ಅನುಭವ

ನಮ್ಮ ಮನೆ ಕಾವಲಿಗೆ ಈಗ ಇರೋದು 12 ಬೋರ್ (ಬೋರ್ ಅಂದ್ರೆ ನಳಿಗೆಯ ತೂತಿನ ಅಳತೆ) ಜೋಡಿ ನಳಿಗೆ ಕೋವಿ. ಲೈಸೆನ್ಸು ನನ್ನ ಹೆಂಡತಿ ಹೆಸರಿನಲ್ಲಿದೆ. ನನ್ನ .315 ರೈಫಲ್ ಮಾರಿ ಈ ದಾರಿ ಹಿಡಿದಾಗ ಮೂಡಿಗೆರೆ ಕಡೆಯ ನಮ್ಮ ನೆಂಟರಿಷ್ಟರಲ್ಲಿ ಒಬ್ಬರೂ ಸರಿ ಅನ್ನಲಿಲ್ಲ. ಭಾವ ಅಂತೂ ಫೋನಿನಲ್ಲೇ ಬೈದರು. "ರೈಫಲ್ ಲೈಸೆನ್ಸ್ ಒಮ್ಮೆ ಬಿಟ್ರೆ ಈ ಜನ್ಮದಲ್ಲಿ ಮತ್ತೆ ಸಿಗಲ್ಲ ಮಾರಾಯ. ತಲೆ ಸರಿ ಇದೆಯಾ ನಿಂಗೆ?" ಈಗ ಅದೇ ಭಾವ ತಮ್ಮ ಮಗಳ ಹೆಸರಲ್ಲಿ ಅರ್ಜಿ ಹಾಕೋಕೆ ಯಾವ ಯಾವ ಕಾಗದ ಬೇಕು ಅಂತ ನನ್ನನ್ನೇ ಕೇಳ್ತಿದ್ದಾರೆ. ಹಾಗಾಗಿ ಬರೆದುಬಿಡೋಣ ಅನ್ನಿಸಿತು.

ಇದೆಲ್ಲ ಶುರುವಾಗಿದ್ದು ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ. ಅಲ್ಲಿವರೆಗೆ ಒಬ್ಬರ ಹೆಸರಲ್ಲಿ ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. ಆಮೇಲೆ ಎರಡಕ್ಕೆ ಇಳಿಸಿದರು. ಲೈಸೆನ್ಸಿನ ಅವಧಿ ಮಾತ್ರ ಮೂರು ವರ್ಷದಿಂದ ಐದಾಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಡೀಲರ್ ಹತ್ತಿರವೋ ಜಮಾ ಮಾಡಬೇಕಿತ್ತು. ನನ್ನ ಹತ್ತಿರ ಸರಿಯಾಗಿ ಮೂರಿತ್ತು. ಅಜ್ಜನ ಕಾಲದ ಕೇಪಿನ ಕೋವಿ (ನಳಿಗೆ ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯೋದು), ಅಪ್ಪನ ಜೋಡಿ ನಳಿಗೆ, ನಾನೇ ಆಸೆಪಟ್ಟು ತಗೊಂಡಿದ್ದ .315.

ಊರೆಲ್ಲ ಹೇಳಿದ್ದು ಒಂದೇ ಮಾತು. ಕೇಪಿನ ಕೋವಿ ಕೊಟ್ಟುಬಿಡು, ಅದೊಂದು ಕಬ್ಬಿಣದ ಪೈಪು ಅಂತ. ನಾನು ಬೇರೆ ಥರ ಯೋಚಿಸಿದೆ. ಕೇಪಿನ ಕೋವಿಗೆ ಬರೀ ಮದ್ದು ತುಂಬಿ ಒಂದು ಈಡು ಹಾರಿಸಿದರೆ ಗದ್ದೆಗೆ ಇಳಿದ ಹಂದಿ ಹಿಂಡು ಓಡುತ್ತೆ. ಅದಕ್ಕೆ ವರ್ಷವಿಡೀ ಕೆಲಸ ಇದೆ. ರೈಫಲ್‌ಗೆ ಏನಿದೆ? ಬೇಟೆ ಕಾಲ 1972ರ ವನ್ಯಜೀವಿ ಕಾಯ್ದೆ ಬಂದಾಗಲೇ ಮುಗಿಯಿತು. ಉಳಿದಿದ್ದು ಮನೆ ಕಾವಲು ಒಂದೇ. ಆ ಕೆಲಸಕ್ಕೆ ರೈಫಲ್ ಆಗುತ್ತಾ ಇಲ್ಲವಾ ಅಂತ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಗೋಡೆ ಮೇಲೆ ತೂಗುಹಾಕಿದ್ರೆ ಚೆಂದ ಕಾಣುತ್ತೆ, ಮದುವೆ ಮನೆಯಲ್ಲಿ ಮಾತಾಡೋಕೆ ಚೆನ್ನಾಗಿರುತ್ತೆ, ಅಷ್ಟೇ.

ನಮ್ಮ ಮನೆ ಹೇಗಿದೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಎಸ್ಟೇಟ್ ನಡುವೆ ಒಂಟಿ ಮನೆ. ಹಳೇ ಭಾಗಕ್ಕೆ ಎರಡಡಿ ದಪ್ಪದ ಮಣ್ಣಿನ ಗೋಡೆ. ಅಪ್ಪ ಆಮೇಲೆ ಕಟ್ಟಿಸಿದ ಎರಡು ಕೋಣೆಗೆ ಆರಿಂಚಿನ ಹಾಲೋ ಬ್ಲಾಕ್. ಮುಂದೆ ಜಗುಲಿ, ಅದರ ಮುಂದೆ ಕಾಫಿ ಕಣ, ಕಣದ ಒಂದು ಬದಿಗೆ ಗೋದಾಮು. ಗೋದಾಮಿನ ಆಚೆ ಅರುವತ್ತು ಎಪ್ಪತ್ತು ಮೀಟರ್ ದೂರದಲ್ಲಿ ಕೂಲಿಯವರ ಲೈನ್ ಮನೆಗಳು. ಅಲ್ಲಿ ಅಸ್ಸಾಮಿನಿಂದ ಬಂದ ಸಂಸಾರಗಳಿವೆ, ಸಣ್ಣ ಸಣ್ಣ ಮಕ್ಕಳಿದ್ದಾರೆ. ಜಗುಲಿಯಲ್ಲಿ ನಿಂತು ಗೋದಾಮಿನ ಬಾಗಿಲಿಗೆ ಗುರಿ ಇಟ್ಟರೆ ಆ ಗುರಿಯ ನೇರ ಹಿಂದೆ ಇರೋದು ಲೈನಿನ ಮೂರನೇ ಮನೆ. ಇದನ್ನು ನಾನು ಕಂಡದ್ದು ಒಂದು ಸಂಜೆ ಜಗುಲಿಯಿಂದ ಗೋದಾಮಿಗೆ ಹಗ್ಗ ಹಿಡಿದು ನೋಡಿದಾಗ. ಅಲ್ಲಿಂದ ನನಗೆ ನಿದ್ದೆ ಬರಲಿಲ್ಲ.

.315 ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಬಂಗಾಳದ ಇಶಾಪುರ ಸರ್ಕಾರಿ ಕಾರ್ಖಾನೆಯ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕು), ಬ್ರಿಟಿಷ್ ಸೈನ್ಯದ ಹಳೇ ಲೀ ಎನ್‌ಫೀಲ್ಡ್ ಜಾತಿಯದ್ದು. ಮ್ಯಾಗಜಿನ್‌ನಲ್ಲಿ ಐದು. .303 ಸೈನ್ಯದ ಬೋರ್ ಆಗಿದ್ದರಿಂದ ಜನರಿಗೆ ಕೊಡಲ್ಲ, ಅದರ ಬದಲಿಗೆ ಬಂದದ್ದು ಇದು. ತೋಟಾದ ಆಕಾರ ಮೂಲದಲ್ಲಿ ಆಸ್ಟ್ರಿಯಾ ಸೈನ್ಯದ ಹಳೇ 8 ಎಂಎಂ ಮಾನ್ಲಿಕರ್‌ದು. ಗುಂಡು 244 ಗ್ರೇನ್, ಹೆಚ್ಚುಕಡಿಮೆ 16 ಗ್ರಾಂ. ವೇಗ ಸೆಕೆಂಡಿಗೆ 600 ಮೀಟರ್ ಆಸುಪಾಸು. ಕಾಡುಹಂದಿಗೆ ಅಂತ ಮಾಡಿದ ಶಕ್ತಿ ಅದು. ಪಡಸಾಲೆಗೆ ಅಲ್ಲ. .30-06 ರೈಫಲ್ ಇಟ್ಟುಕೊಂಡಿರೋ ಸ್ನೇಹಿತರೂ ಇದ್ದಾರೆ. ಅದು ಇನ್ನೂ ಜೋರು. ಮನೆ ಕಾವಲಿನ ಮಾತಿಗೆ ಅದನ್ನು ತರೋದೇ ಬೇಡ.

ಗೋಡೆ ಪರೀಕ್ಷೆ ಮಾಡಿದ್ದು ಸ್ನೇಹಿತರ ಎಸ್ಟೇಟಿನ ಹಳೇ ಜಂಬಿಟ್ಟಿಗೆ ಕ್ವಾರಿಯಲ್ಲಿ. ಮೂರು ಕಡೆ ಮಣ್ಣಿನ ಬರೆ, ಹಿಂದೆ ಗುಡ್ಡ, ಜನಸಂಚಾರ ಇಲ್ಲ. ಲೈಸೆನ್ಸಿನಲ್ಲಿ ರಕ್ಷಣೆ ಮತ್ತು ಕ್ರೀಡೆ ಅಂತ ಇತ್ತು. ಆದರೂ ಠಾಣೆಗೆ ಒಂದು ಕಾಗದ ಬರೆದುಕೊಟ್ಟೇ ಹೋದೆ. ಈಡಿನ ಸದ್ದು ಕೇಳಿ ಯಾರೋ ಫೋನ್ ಮಾಡಿ, ಅವರು ಜೀಪು ತರೋದು, ಆ ತಾಪತ್ರಯವೇ ಬೇಡ.

ಪಿಕಪ್‌ನಲ್ಲಿ ಸಾಮಾನು ತುಂಬಿಕೊಂಡು ಹೋದೆವು. ನಮ್ಮ ಮನೆಯದೇ ಉಳಿಕೆ ಹಾಲೋ ಬ್ಲಾಕು, ಹಳೇ ಹೊನ್ನೆ ಬಾಗಿಲಿನ ಹಲಗೆ, ಒಂದೂವರೆ ಇಂಚು ದಪ್ಪದ್ದು, ನಾಲ್ಕಾರು ಜಂಬಿಟ್ಟಿಗೆ ಕಲ್ಲು, ಒಂದು ಮಣ್ಣಿನ ಇಟ್ಟಿಗೆ ಸಾಲು. ಜಗುಲಿಯಿಂದ ಒಳಬಾಗಿಲಿಗೆ ಎಷ್ಟು ದೂರವೋ ಅಷ್ಟೇ ದೂರ, ಇಪ್ಪತ್ತು ಅಡಿ.

.315 ಹೊನ್ನೆ ಹಲಗೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಹಾಲೋ ಬ್ಲಾಕಿನ ಮುಂದೆ ಬೆರಳಷ್ಟು ತೂತು, ಹಿಂದೆ ಮುಷ್ಟಿ ಹೋಗುವಷ್ಟು ಕಿತ್ತುಬಂದಿತ್ತು. ಅದರ ಹಿಂದೆ ಒಂದಡಿ ಬಿಟ್ಟು ಇನ್ನೊಂದು ಬ್ಲಾಕ್ ಇಟ್ಟಿದ್ದೆ. ಅದರ ಮುಖವೂ ಒಡೆದಿತ್ತು. ಜಂಬಿಟ್ಟಿಗೆ ಎರಡು ಹೋಳಾಯಿತು. ಮಣ್ಣಿನ ಸಾಲು ಮಾತ್ರ ತಡೆಯಿತು. ನಮ್ಮ ಅಜ್ಜಂದಿರ ಮಣ್ಣಿನ ಗೋಡೆ ಬಗ್ಗೆ ಅವತ್ತು ಹುಟ್ಟಿದ ಗೌರವ ಈಗಲೂ ಇದೆ. ಆದರೆ ಲೈನ್ ಮನೆ ಕಟ್ಟಿರೋದು ಹಾಲೋ ಬ್ಲಾಕಿನಲ್ಲಿ ಅಲ್ವಾ?

ಆಮೇಲೆ 12 ಬೋರ್. ಎಸ್‌ಜಿ, ಅಂದ್ರೆ ದಪ್ಪ ಗುಂಡುಗಳ ತೋಟಾ, ಹೊಡೆದೆ. ಹಲಗೆ ದಾಟಿತು. ಬ್ಲಾಕಿನ ಮುಂದಿನ ಪದರ ಪುಡಿಯಾಗಿ, ಗುಂಡುಗಳು ಒಳಗಿನ ಟೊಳ್ಳಿನಲ್ಲೇ ಉಳಿದಿದ್ದವು. ಒಂದೆರಡು ಹಿಂದಿನ ಪದರಕ್ಕೆ ಬಿರುಕು ಕೊಟ್ಟಿದ್ದವು. ಸಣ್ಣ ಚರೆ ಹೊಡೆದಾಗ ಹಲಗೆಯಲ್ಲಿ ಆಳವಾದ ಗುಂಡಿ ಬಿತ್ತು, ಆದರೆ ಪೂರ್ತಿ ದಾಟಲಿಲ್ಲ. ಬ್ಲಾಕಿನ ಮೇಲೆ ಸಿಮೆಂಟ್ ಕಿತ್ತ ಗುರುತು, ಅಷ್ಟೇ. ಸಣ್ಣ ಚರೆಯ ಇನ್ನೊಂದು ಗುಣ ಏನು ಅಂದ್ರೆ, ತಪ್ಪಿ ಹೊರಗೆ ಹೋದ್ರೂ ಮುನ್ನೂರು ಮೀಟರ್ ಒಳಗೆ ನೆಲ ಸೇರುತ್ತೆ. ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತೆ. ಎಲ್ಲಿ ಬೀಳುತ್ತೆ ಅಂತ ಹೊಡೆದವನಿಗೂ ಗೊತ್ತಿರಲ್ಲ.

ಅವತ್ತು ಮಧ್ಯಾಹ್ನ ಕ್ವಾರಿಯಿಂದ ವಾಪಸು ಬರುವಾಗಲೇ ರೈಫಲ್ ಕೊಡೋದು ಅಂತ ನಿರ್ಧಾರ ಮಾಡಿದ್ದೆ.

ಇನ್ನು ಅಪ್ಪನ ಜೋಡಿ ನಳಿಗೆ ಸಾಕಲ್ಲ, ಹೊಸದು ಯಾಕೆ ಅಂತ ಕೇಳ್ತೀರಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ವಿಷಯ ಬೇರೆ ಇದೆ. ವರ್ಷದಲ್ಲಿ ಹತ್ತಿರ ಹತ್ತಿರ ನೂರು ರಾತ್ರಿ ನಾನು ಮನೆಯಲ್ಲಿರಲ್ಲ. ಹಾಸನ, ಬೆಂಗಳೂರು, ಮಗಳ ಹಾಸ್ಟೆಲು, ಕಾಫಿ ಕ್ಯೂರಿಂಗ್ ಅಂತ ಓಡಾಟ. ಮನೆಯಲ್ಲಿರೋದು ಹೆಂಡತಿ, ನನ್ನ ಅಮ್ಮ. ಕಾಫಿ, ಮೆಣಸಿನ ದರ ಏರಿದ ಮೇಲೆ ಕಳ್ಳರು ಬರೋದೂ ನಾನಿಲ್ಲದ ದಿನ ನೋಡಿಕೊಂಡೇ. ಅಂದ ಮೇಲೆ ನನ್ನ ಭುಜಕ್ಕೆ ಹೊಂದೋ ಕೋವಿ ಕಟ್ಟಿಕೊಂಡು ಏನು ಮಾಡೋದು? ನಮ್ಮ ಕಡೆ ಯಾರೂ ಈ ಪ್ರಶ್ನೆ ಕೇಳಲ್ಲ. ಯಾವ ಬೋರ್, ಯಾವ ಕಂಪನಿ, ಎಷ್ಟು ಅಳತೆ ನಳಿಗೆ ಅಂತ ಗಂಡಸರೇ ಜಗುಲಿಯಲ್ಲಿ ಕೂತು ತೀರ್ಮಾನ ಮಾಡ್ತಾರೆ. ರಾತ್ರಿ ಒಂಟಿಯಾಗಿ ಇರೋರನ್ನ ಮಾತ್ರ ಕೇಳಲ್ಲ.

ಕಾನೂನಿನ ಪ್ರಕಾರವೂ ಇದು ಸಣ್ಣ ಮಾತಲ್ಲ. ನನ್ನ ಲೈಸೆನ್ಸಿನ ಕೋವಿಯನ್ನು ನಾನಿಲ್ಲದಾಗ ಅವಳು ಮುಟ್ಟೋ ಹಾಗಿಲ್ಲ. ಅವಳ ಹೆಸರಲ್ಲೇ ಲೈಸೆನ್ಸು ಬೇಕು.

ಮೊದಲು ಅಪ್ಪನ ಕೋವಿಯಲ್ಲಿ ಪ್ರಯತ್ನ ಮಾಡಿಸಿದೆ. ಮೂವತ್ತು ಇಂಚಿನ ನಳಿಗೆ, ಹೊರಗೆ ಎರಡು ಕುದುರೆ, ಅಂದ್ರೆ ತೋಟಾ ಸಿಡಿಸೋ ಸುತ್ತಿಗೆ. ಎರಡನ್ನೂ ಹೆಬ್ಬೆರಳಿನಿಂದ ಹಿಂದಕ್ಕೆ ಎಳೀಬೇಕು. ಕತ್ತಲಲ್ಲಿ, ಬೆವರಿದ ಕೈಯಲ್ಲಿ, ಅದು ಜಾರುತ್ತೆ. ಖಾಲಿ ಕೋವಿಯಲ್ಲೇ ಅಭ್ಯಾಸ ಮಾಡಿಸ್ತಿದ್ದೆ. ಹತ್ತರಲ್ಲಿ ಮೂರು ಸಲ ಕುದುರೆ ಅರ್ಧದಲ್ಲೇ ಜಾರಿ ಬೀಳ್ತಿತ್ತು. ತೋಟಾ ಇದ್ದಿದ್ರೆ ಈಡು ಹಾರಿರೋದು. ಅದಕ್ಕಿಂತ ದೊಡ್ಡ ತೊಂದರೆ ಭುಜಕ್ಕೆ ಒತ್ತೋ ಮರದ ಹಿಡಿಯ ಉದ್ದ. ಅಪ್ಪ ಆರಡಿ ಆಳು. ಆ ಹಿಡಿ ಅವಳ ಭುಜಕ್ಕೆ ಕೂರ್ತಾನೇ ಇರಲಿಲ್ಲ, ತೋಳಿನ ಮೇಲೆ ಬರ್ತಿತ್ತು. ಒಂದು ಈಡಿಗೆ ತೋಳು ಹಸಿರುಗಟ್ಟಿತು. "ರೀ, ಇದು ನನಗಲ್ಲ" ಅಂತ ಅಲ್ಲೇ ಇಟ್ಟುಬಿಟ್ಟಳು. ಅವಳ ಮಾತು ಸರಿ ಇತ್ತು.

ಅಲ್ಲಿಂದ ಬೇರೆ ಬೇರೆ ನೋಡಿದ್ವಿ. ತಿರುಚಿರಾಪಳ್ಳಿ ಕಾರ್ಖಾನೆಯ ಪಂಪ್ ಆಕ್ಷನ್ ಕೋವಿ ಈಗ ನಮ್ಮ ಕಡೆ ಹುಡುಗರ ಬಾಯಲ್ಲೆಲ್ಲ ಇದೆ. ಸಕಲೇಶಪುರದ ಸ್ನೇಹಿತರ ಹತ್ತಿರ ಒಂದಿತ್ತು. ನಳಿಗೆ ಗಿಡ್ಡ, ಮನೆಯೊಳಗೆ ತಿರುಗಿಸೋಕೆ ಸಲೀಸು, ತೋಟಾ ಜಾಸ್ತಿ ಹಿಡಿಯುತ್ತೆ. ಎಲ್ಲಾ ನಿಜ. ಆದರೆ ಪ್ರತಿ ಈಡಿಗೂ ನಳಿಗೆ ಕೆಳಗಿನ ಹಿಡಿಕೆಯನ್ನು, ಅಂದ್ರೆ ಪಂಪನ್ನು, ಕೊನೆವರೆಗೂ ಎಳೆದು ಕೊನೆವರೆಗೂ ತಳ್ಳಬೇಕು. ಅರ್ಧ ಎಳೆದ್ರೆ ಖಾಲಿ ತೋಟಾ ಸಿಕ್ಕಿಕೊಳ್ಳುತ್ತೆ. ವಾರ ವಾರ ಹೊಡೆಯೋರಿಗೆ ಅದು ಕೈಗೆ ಬರುತ್ತೆ. ವರ್ಷಕ್ಕೆ ನಾಲ್ಕು ಸಲ ಹೊಡೆಯೋರಿಗೆ ಬರಲ್ಲ. ಜೋಡಿ ನಳಿಗೆಯಲ್ಲಿ ಕೆಡೋಕೆ ಏನೂ ಇಲ್ಲ. ಮುರಿದು, ಅಂದ್ರೆ ಕೀಲಿನಲ್ಲಿ ನಳಿಗೆ ಬಗ್ಗಿಸಿ ತೆರೆದು, ನೋಡಿದ್ರೆ ತುಂಬಿದೆಯಾ ಖಾಲಿಯಾ ಅಂತ ಬೆರಳಿನಲ್ಲೇ ಗೊತ್ತಾಗುತ್ತೆ. ಒಂದು ಠುಸ್ ಅಂದ್ರೆ ಇನ್ನೊಂದಿದೆ.

.32 ರಿವಾಲ್ವರ್ ಬೆಲೆ ಕೇಳಿಯೇ ಕೈಬಿಟ್ಟೆ. ಅಷ್ಟು ದುಡ್ಡಿಗೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಒಂದು ಒಳ್ಳೇ ಪಲ್ಪರ್ ಸೆಟ್ ರಿಪೇರಿ ಆಗುತ್ತೆ. 12 ಬೋರ್‌ಗಿಂತ ಸಣ್ಣ ನಳಿಗೆಯ .410 ಕೋವಿಯ ಆಸೆ ಇತ್ತು, ಭುಜಕ್ಕೆ ಒದೆ ಕಡಿಮೆ ಅಂತ. ಅಂಗಡಿಯಲ್ಲಿ ತೋಟಾನೇ ಸಿಗಲಿಲ್ಲ. ಸಿಗದ ತೋಟಾದ ಕೋವಿ ಒನಕೆಗೆ ಸಮ.

ಸಣ್ಣ ಗುಂಡಿನ .22 ರೈಫಲ್ ಕಥೆ ಸ್ವಲ್ಪ ಉದ್ದ. ಅದನ್ನು ಮನೆ ಕಾವಲಿಗೆ ಇಡೋರನ್ನ ಕಂಡಿದ್ದೇನೆ, ನಾನು ಒಪ್ಪಲ್ಲ. ಆದರೆ ಕಲಿಯೋಕೆ ಅದರಂಥದ್ದು ಇಲ್ಲ. ಒದೆ ಇಲ್ಲ, ಸದ್ದಿಗೆ ಕಣ್ಣು ಮುಚ್ಚಲ್ಲ. ಹೆಂಡತಿಯನ್ನು ರೈಫಲ್ ಕ್ಲಬ್ಬಿಗೆ ಸೇರಿಸಿದೆ. ಅಲ್ಲಿ ಕ್ಲಬ್ಬಿನ .22ರಲ್ಲಿ ಒಂದು ಬೇಸಿಗೆ ಪೂರ್ತಿ ಹೊಡೆದಳು. ತೋಟಾ ಒಂದಕ್ಕೆ ನಲವತ್ತೋ ಐವತ್ತೋ ಬೀಳ್ತಿತ್ತು. .315ದಾದ್ರೆ ಒಂದಕ್ಕೆ ಇನ್ನೂರರ ಹತ್ತಿರ. ನಾಲ್ಕು ಗುಂಡಿನ ದುಡ್ಡು ಒಂದಕ್ಕೇ ಹೋದ್ರೆ ಯಾರು ಕಲೀತಾರೆ? ಕೊಡಗಿನಲ್ಲಿ ನೋಡಿ, ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ ಹೆಣ್ಣುಮಕ್ಕಳು ಗಂಡಸರ ಸಮ ನಿಲ್ತಾರೆ. ಅವರಿಗೆ ಚಿಕ್ಕಂದಿನಿಂದ ಕೋವಿ ಮುಟ್ಟಿ ಅಭ್ಯಾಸ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬೇರೆ ಇದೆ, 2029ರವರೆಗೆ. ನಮ್ಮ ಚಿಕ್ಕಮಗಳೂರು ಕಡೆ ಆ ಭಾಗ್ಯ ಇಲ್ಲ. ನಾವು ಕ್ಲಬ್ಬಿನಲ್ಲೇ ಕಲೀಬೇಕು.

ಆ ಕ್ಲಬ್ಬಿನಲ್ಲೇ ತರಬೇತಿ ಸರ್ಟಿಫಿಕೇಟೂ ಸಿಕ್ಕಿತು. 2016ರ ನಿಯಮಗಳು ಬಂದ ಮೇಲೆ ಅದು ಅರ್ಜಿಗೆ ಬೇಕಾಗುತ್ತೆ.

ಲೈಸೆನ್ಸು ಮಾಡಿಸೋದು ತಾಳ್ಮೆಯ ಕೆಲಸ. ಆನ್‌ಲೈನ್ ಅರ್ಜಿ, ಪೊಲೀಸ್ ವರದಿ, ಕೊನೆಗೆ ಜಿಲ್ಲಾಧಿಕಾರಿ ಕಚೇರಿ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿದ್ರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸ್ ಕೊಡೋ ಹಾಗಿಲ್ಲ. ನಮ್ಮ ಮನೆ ಆ ಗೆರೆಯಿಂದ ಹೊರಗೆ ಬಿತ್ತು, ಬಚಾವ್. ಇಲ್ಲಿ ಒಂದು ವಿಷಯ ತಿಳಿದಿಟ್ಟುಕೊಳ್ಳಿ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ನಳಿಗೆಯೊಳಗೆ ಸುರುಳಿ ಗೀರು ಇರೋ ರೈಫಲ್‌ಗೂ, ಅದಿಲ್ಲದ ನಯ ನಳಿಗೆಯ ಕೋವಿಗೂ ವ್ಯತ್ಯಾಸ ಮಾಡಿದ್ದಾರೆ. ರಕ್ಷಣೆಗೆ ಅಂತ ಕೇಳಿದಾಗ, ಇಪ್ಪತ್ತು ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ಕೋವಿಯಾದ್ರೆ ದಾರಿ ಸುಲಭ. ರೈಫಲ್ ಕೇಳಿದ್ರೆ ಬಲವಾದ ಕಾರಣ ತೋರಿಸಿ ಅಂತಾರೆ. ಹೆಂಡತಿಯ ಅರ್ಜಿಗೆ ನಾನು ಜೋಡಿಸಿದ್ದು ಎರಡು ಪುಟದ ಪತ್ರ. ಆ ಪತ್ರದಲ್ಲಿ ಮನೆಯ ನಕ್ಷೆ ಬರೆದು, ಠಾಣೆಗೆ ಎಷ್ಟು ದೂರ, ಜೀಪು ಬರೋಕೆ ಎಷ್ಟು ಹೊತ್ತು, ಗೋದಾಮಿನಲ್ಲಿ ಯಾವ ತಿಂಗಳು ಏನಿರುತ್ತೆ ಅಂತ ಹಾಕಿದ್ದೆ. ಇನ್ನೊಂದು ಕಾಗದವನ್ನೂ ಇಟ್ಟಿದ್ದೆ. ಅದು ಯಾವುದು ಅಂತ ಮಾತ್ರ ಬರೆಯಲ್ಲ. ಕೇಳಿದೋರಿಗೆಲ್ಲ ಹೇಳಿದ್ರೆ ಎಲ್ಲರೂ ಅದನ್ನೇ ಹಾಕ್ತಾರೆ, ಆಮೇಲೆ ಅದಕ್ಕೆ ಬೆಲೆ ಇರಲ್ಲ. ಒಂದು ವರ್ಷದ ಮೇಲೆ ಸ್ವಲ್ಪ ಹಿಡಿಯಿತು. ಸಿಕ್ಕಿತು.

ಕೋವಿ ಸೆಕೆಂಡ್ ಹ್ಯಾಂಡೇ ತಗೊಂಡೆ. ಡೀಲರ್ ಅಂಗಡಿಯಲ್ಲಿ ಹಳೇ ವಿದೇಶಿ ಜೋಡಿ ನಳಿಗೆಗಳು ಸಾಲಾಗಿ ನಿಂತಿರ್ತವೆ. ಅಪ್ಪಂದಿರು ಹೋದ ಮೇಲೆ ಮಕ್ಕಳು ತಂದು ಬಿಟ್ಟುಹೋದವು. ಮೊದಲು ತೋರಿಸಿದ್ದು ಬೆಳ್ಳಿ ಕೆತ್ತನೆಯದ್ದು, ಅರುವತ್ತು ಸಾವಿರ ಅಂದ್ರು. ಮುಂದಿನ ಹಿಡಿಕಟ್ಟು ಬಿಚ್ಚಿ, ನಳಿಗೆ ಮುಚ್ಚಿ, ಕಿವಿ ಹತ್ತಿರ ಹಿಡಿದು ಅಲುಗಾಡಿಸಿದೆ. ಕಟಕಟ ಅಂತ ಸದ್ದು. ಕೀಲು ಸವೆದಿದೆ. ಕೆತ್ತನೆ ನೋಡಿ ದುಡ್ಡು ಕೊಡೋರು ಕೊಡಲಿ. ಎರಡನೆಯದರಲ್ಲಿ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದೆ. ಬಾಯಿಯಿಂದ ಒಂದು ಗೇಣು ಒಳಗೆ ನೆರಳಿನ ಬಳೆ ಸ್ವಲ್ಪ ಸೊಟ್ಟಗಿತ್ತು. ಹೊರಗೆ ಬೆರಳು ಸವರಿದ್ರೆ ಅಲ್ಲೇ ಸಣ್ಣ ಉಬ್ಬು. ಯಾವಾಗಲೋ ಒಳಗೆ ಏನೋ ಸಿಕ್ಕಿಕೊಂಡು ಹೊಡೆದಿದ್ದಾರೆ. ಅದನ್ನು ಕೈಯಿಂದ ಕೆಳಗಿಟ್ಟೆ. ಐದನೆಯದೋ ಆರನೆಯದೋ ಸರಿಯಾಯಿತು. ಒಳಕುದುರೆಯದ್ದು, ಇಪ್ಪತ್ತೆಂಟು ಇಂಚಿನ ನಳಿಗೆ, ತೂಕ ಮೂರು ಕೆಜಿಗೆ ಸ್ವಲ್ಪ ಕಡಿಮೆ. ಬಣ್ಣ ಹೋಗಿತ್ತು, ಹಿಡಿಯಲ್ಲಿ ಗೀರುಗಳಿದ್ದವು. ಮೂವತ್ತೈದು ಸಾವಿರ ಹೇಳಿ ಮೂವತ್ತಕ್ಕೆ ಬಂದ್ರು. ನನ್ನ .315ಗೆ ಅದೇ ಅಂಗಡಿಯಲ್ಲಿ ನಲವತ್ತರ ಹತ್ತಿರ ಸಿಕ್ಕಿತು. ತಗೊಂಡಾಗ ಅರುವತ್ತು ಚಿಲ್ಲರೆ ಆಗಿತ್ತು, ಕೊಲ್ಕತ್ತಾಗೆ ಹೋಗಿಬಂದ ಖರ್ಚು ಬೇರೆ.

ಹಿಡಿಯನ್ನು ಅವಳ ಅಳತೆಗೆ ಮಾಡಿಸಿದ್ದೇ ಇಡೀ ಕೆಲಸದ ಜೀವ. ಲೈಸೆನ್ಸ್ ಇರೋ ರಿಪೇರಿಯವರ ಹತ್ತಿರವೇ ಮಾಡಿಸಿ, ಮನೆ ಬಡಗಿಯ ಕೈಗೆ ಕೊಡಬೇಡಿ. ನಳಿಗೆ ತುಂಡು ಮಾಡಿಸೋ ಯೋಚನೆಯಂತೂ ಬೇಡವೇ ಬೇಡ, ಅದು ಜೈಲಿಗೆ ಹೋಗೋ ದಾರಿ. ಹಿಡಿ ಒಂದೂವರೆ ಇಂಚು ಕಡಿಮೆ ಮಾಡಿ, ಹಿಂದೆ ರಬ್ಬರ್ ಪ್ಯಾಡ್ ಹಾಕಿಸಿದೆ. ನಾಲ್ಕು ಸಾವಿರ ಆಯಿತು. ಅಳತೆ ತಗೊಳ್ಳೋವಾಗ ದಪ್ಪ ಸ್ವೆಟರ್ ಹಾಕಿಸಿ ನಿಲ್ಲಿಸಿದ್ದೆ. ನಮ್ಮ ಕಡೆ ಡಿಸೆಂಬರ್ ರಾತ್ರಿ ಯಾರೂ ನೈಟಿಯಲ್ಲಿ ಓಡಾಡಲ್ಲ. ರಿಪೇರಿಯವರು ನಕ್ಕರು. ನಗಲಿ. ಮೊದಲ ಈಡಿಗೇ ಗುರಿ ಕೂತಿತು. ತೋಳಿಗೆ ಒಂದು ಕಲೆ ಇಲ್ಲ.

ಚರೆ ಹರಡೋದನ್ನ ನೋಡೋಕೆ ಹಳೇ ಪೇಪರ್ ಹಾಳೆ ಕಟ್ಟಿ ಹೊಡೆದ್ವಿ. ಕೋವಿ ಅಂದ್ರೆ ಗುರಿ ಬೇಡ, ಸುಮ್ನೆ ಆ ಕಡೆ ತಿರುಗಿಸಿದ್ರೆ ಸಾಕು ಅಂತ ಹೇಳೋರು ಒಮ್ಮೆ ಇದನ್ನ ಮಾಡಿ ನೋಡಲಿ. ಇಪ್ಪತ್ತು ಅಡಿಯಲ್ಲಿ ಬಲ ನಳಿಗೆಯ ಚರೆ ಅಂಗೈಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಬಿತ್ತು. ಎಡದ್ದು ಬಿಗಿ ಚೋಕು, ಅಂದ್ರೆ ಬಾಯಿ ಕಿರಿದು, ಚರೆ ಅದರ ಅರ್ಧ ಜಾಗಕ್ಕೂ ಹರಡಲಿಲ್ಲ. ಗಜಕ್ಕೆ ಒಂದು ಇಂಚು ಅನ್ನೋ ಹಳೇ ಲೆಕ್ಕ ಮನೆಯೊಳಗೆ ಅದಕ್ಕಿಂತಲೂ ಕಡಿಮೆಯೇ ಬರುತ್ತೆ. ಗುರಿ ಇಡಲೇಬೇಕು. ಯಾವ ನಳಿಗೆಗೆ ಯಾವ ನಂಬರ್ ಚರೆ ಅನ್ನೋದನ್ನ ನಾವು ಹಲವು ಥರ ಹೊಡೆದು ಆರಿಸಿದ್ದೇವೆ. ಅದು ನಮ್ಮ ಮನೆಯ ಗುಟ್ಟು. ನಿಮ್ಮ ಗೋಡೆ, ನಿಮ್ಮ ನಳಿಗೆ ಬೇರೆ. ನೀವೇ ಹೊಡೆದು ನೋಡಿ. ಎಸ್‌ಜಿಗಿಂತಲೂ ದಪ್ಪ ಗುಂಡಿನ ಎಲ್‌ಜಿ ಮನೆಯೊಳಗೆ ಬೇಡ ಅಂತ ಮಾತ್ರ ಹೇಳ್ತೇನೆ.

ಮಳೆಗಾಲದ ವಿಷಯಕ್ಕೆ ಬರೋಣ. ಇದನ್ನ ಬಯಲುಸೀಮೆಯವರಿಗೆ ಹೇಳಿದ್ರೆ ಅರ್ಥ ಆಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೀರುವಿನ ಒಳಗೂ ಬೂಷ್ಟು ಹಿಡಿಯುತ್ತೆ. ಮೊದಲ ವರ್ಷ ತೋಟಾಗಳನ್ನ ಬಟ್ಟೆ ಚೀಲದಲ್ಲಿ ಕಟ್ಟಿ ಉಕ್ಕಿನ ಬೀರುವಿನಲ್ಲಿಟ್ಟಿದ್ದೆ. ನವರಾತ್ರಿ ಹೊತ್ತಿಗೆ ತೆಗೆದು ಹೊಡೆದ್ರೆ ಇಪ್ಪತ್ತರಲ್ಲಿ ನಾಲ್ಕೋ ಐದೋ ಠುಸ್. ಹಿತ್ತಾಳೆ ಬುಡಕ್ಕೆ ಹಸಿರು ಹತ್ತಿತ್ತು. ಇನ್ನು ಕೆಲವು ನಳಿಗೆಗೆ ಹೋಗ್ತಾನೇ ಇರಲಿಲ್ಲ. ತೋಟಾಗೆ ನೂರು ರೂಪಾಯಿ ಅಂತ ಹಿಡಿದ್ರೂ ಲೆಕ್ಕ ಹಾಕಿ.

ಅದಕ್ಕೆ ಮಾಡಿದ ಪ್ರಯೋಗ ಒಂದೆರಡಲ್ಲ. ಒಲೆ ಮೇಲಿನ ಅಟ್ಟದಲ್ಲಿ ಇಡೋದು ಹಳಬರ ಕ್ರಮ. ಬೆಚ್ಚಗಿರುತ್ತೆ ನಿಜ, ಆದರೆ ಬೆಂಕಿ ಮೇಲೆ ಮದ್ದು ಇಡೋಕೆ ನನಗೆ ಧೈರ್ಯ ಬರಲಿಲ್ಲ. ಅಕ್ಕಿ ಡಬ್ಬಿಯಲ್ಲಿ ಇಟ್ಟು ನೋಡಿದೆ. ಅಕ್ಕಿಯೇ ತೇವ ಎಳೆದುಕೊಂಡು ಹುಳ ಬಿತ್ತು. ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿದೆ. ಕರೆಂಟ್ ಇರೋದು ದಿನಕ್ಕೆ ಎಷ್ಟು ಗಂಟೆ ಅಂತ ನಿಮಗೇ ಗೊತ್ತು. ಕೊನೆಗೆ ನಿಂತದ್ದು ಕಾಫಿ ಸ್ಯಾಂಪಲ್ ಇಡೋ ಗಾಳಿ ಆಡದ ಡಬ್ಬಿ. ಒಳಗೆ ಸಿಲಿಕಾ ಜೆಲ್ ಚೀಲ. ತಿಂಗಳಿಗೊಮ್ಮೆ ಚೀಲ ಬಿಸಿಲಿಗೆ ಇಲ್ಲವೇ ಬಾಣಲೆಗೆ. ಪ್ರತಿ ಡಬ್ಬಿಯ ಮೇಲೆ ತಗೊಂಡ ತಿಂಗಳು ಬರೆದಿರ್ತೇನೆ. ಎರಡು ಮಳೆಗಾಲ ದಾಟಿದ್ದನ್ನ ಅಭ್ಯಾಸಕ್ಕೆ ಖಾಲಿ ಮಾಡ್ತೇವೆ. ಈ ಪದ್ಧತಿ ಬಂದ ಮೇಲೆ ಒಂದೂ ಕೈಕೊಟ್ಟಿಲ್ಲ. ನಳಿಗೆಗೆ ಹಚ್ಚೋ ಎಣ್ಣೆಯಲ್ಲಿ ನನ್ನದೇ ಒಂದು ಮಿಶ್ರಣ ಇದೆ, ಅದು ಇನ್ನೊಂದು ದಿನಕ್ಕೆ ಇರಲಿ.

ಬೆಳಕಿಗೆ ಆದಷ್ಟು ದುಡ್ಡು ದಂಡ ಇನ್ನಾವುದಕ್ಕೂ ಆಗಲಿಲ್ಲ. ಕೋವಿಗೆ ಟಾರ್ಚ್ ಕಟ್ಟೋ ಕ್ಲಾಂಪ್ ಆನ್‌ಲೈನ್‌ನಲ್ಲಿ ತರಿಸಿದೆ. ಎರಡನೇ ಈಡಿಗೆ ಟಾರ್ಚ್ ಹಾರಿ ಹುಲ್ಲಿಗೆ ಬಿತ್ತು. ಸೈಕಲ್ ಟ್ಯೂಬ್ ಪಟ್ಟಿ ಕಟ್ಟಿದೆ. ಟಾರ್ಚ್ ನಿಂತಿತು, ಕೋವಿ ಮೂಗು ಭಾರವಾಗಿ ಅವಳ ಕೈ ನಡುಗೋಕೆ ಶುರುವಾಯಿತು. ಹೆಡ್‌ಲೈಟ್ ಹಾಕಿಸಿದೆ. ಕಿಟಕಿ ಗಾಜಿಗೆ ಬೆಳಕು ಬಡಿದು ಅವಳ ಕಣ್ಣಿಗೇ ಹೊಡೆಯಿತು. ಹೊರಗಿರೋನಿಗೆ ನಮ್ಮ ತಲೆ ಎಲ್ಲಿದೆ ಅಂತಲೂ ಗೊತ್ತಾಗುತ್ತೆ. ಆರೇಳು ಸಾವಿರ ಹೀಗೇ ಹೋಯಿತು. ಆಮೇಲೆ ಹೊಳೆದದ್ದು ಸರಳ. ಬೆಳಕು ಕೋವಿ ಮೇಲೆ ಇರಬೇಕಾಗಿಲ್ಲ, ಕಣದಲ್ಲಿ ಇರಬೇಕು. ಮನೆ ಕತ್ತಲಿರಬೇಕು. ಈಗ ಗೋದಾಮು, ಕಣ, ಹಿತ್ತಲು ಮೂರು ಕಡೆ ಎಲ್‌ಇಡಿ ಫ್ಲಡ್‌ಲೈಟ್ ಇವೆ, ಸೋಲಾರ್ ಬ್ಯಾಟರಿಗೆ ಜೋಡಿಸಿದ್ದು. ಸ್ವಿಚ್ಚು ಅವಳ ಹಾಸಿಗೆ ಪಕ್ಕ. ಹದಿನೆಂಟು ಸಾವಿರ ಬಿತ್ತು. ಕೋವಿಗಿಂತ ಮೊದಲು ಮಾಡಿಸಬೇಕಾದ ಕೆಲಸ ಅದು.

ಯಾಕೆ ಅಂದ್ರೆ ಕೋವಿ ಯಾವಾಗಲೂ ಮನೆಯಲ್ಲಿರಲ್ಲ. ಚುನಾವಣೆ ಬಂತು ಅಂದ್ರೆ ಠಾಣೆಗೆ ಜಮಾ. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ. 2024ರಲ್ಲಿ ನೀತಿ ಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ, ಎಣಿಕೆ ಜೂನ್ 4ಕ್ಕೆ. ಅಂದ್ರೆ ಮೆಣಸು ಕೊಯ್ದು ಒಣಗಿಸಿ ಗೋದಾಮಿಗೆ ತುಂಬಿದ ಕಾಲಕ್ಕೇ ಕೋವಿ ಇಲ್ಲ. ಒಂಟಿ ಮನೆಯ ಕೃಷಿಕರಿಗೆ ಇದರಿಂದ ಎಷ್ಟು ಕಷ್ಟ ಅಂತ ನಮ್ಮ ಮಲೆನಾಡು, ದಕ್ಷಿಣ ಕನ್ನಡದವರು ಪ್ರತಿ ಸಲ ಹೇಳ್ತಾನೇ ಇದ್ದೇವೆ. ವಿನಾಯಿತಿಗೆ ಅರ್ಜಿ ಕೊಡಿ. ಮನೆ ಎಲ್ಲಿದೆ, ಗೋದಾಮಿನಲ್ಲಿ ಏನಿದೆ ಅಂತ ವಿವರ ಬರೆದು ಕೊಡಿ. ಜಮಾ ಮಾಡೋದೇ ಆದ್ರೆ ನಳಿಗೆಗೆ ದಪ್ಪಗೆ ಗ್ರೀಸ್ ಹಚ್ಚಿ, ರಸೀದಿ ತಗೊಂಡು, ಫೋಟೋ ತೆಗೆದಿಟ್ಟುಕೊಳ್ಳಿ.

ಹೋದ ಮೆಣಸಿನ ಕಾಲದಲ್ಲಿ ಒಂದು ರಾತ್ರಿ ಇದೆಲ್ಲ ಪರೀಕ್ಷೆಗೆ ಬಂತು. ನಾನು ಬೆಂಗಳೂರಿನಲ್ಲಿದ್ದೆ. ಎರಡು ಗಂಟೆ ಹೊತ್ತಿಗೆ ನಾಯಿಗಳು ಗೋದಾಮಿನ ಕಡೆ ಮುಖ ಮಾಡಿ ಬೊಗಳಿದ್ವು. ಹೆಂಡತಿ ಎದ್ದವಳು ದೀಪ ಹಾಕಲಿಲ್ಲ. ಮೊದಲು ಎಸ್ಟೇಟಿನ ಲೆಕ್ಕ ನೋಡೋ ರೈಟ್ರಿಗೆ ಫೋನ್, ಆಮೇಲೆ 112ಕ್ಕೆ. ಅಮ್ಮನನ್ನು ಮಣ್ಣಿನ ಗೋಡೆಯ ಕೋಣೆಗೆ ಕಳಿಸಿದಳು. ಬೀರು ತೆಗೆದು ಕೋವಿಗೆ ತೋಟಾ ಹಾಕಿ ಒಳಬಾಗಿಲ ಪಕ್ಕ ನಿಂತಳು. ಬೀರು ತೆಗೆದು ತೋಟಾ ಹಾಕೋದಕ್ಕೆ ನಾವು ಅಭ್ಯಾಸ ಮಾಡಿದಾಗ ಅರ್ಧ ನಿಮಿಷದ ಮೇಲೆ ಸ್ವಲ್ಪ ಆಗ್ತಿತ್ತು. ಆಮೇಲೆ ಫ್ಲಡ್‌ಲೈಟ್ ಹಾಕಿದಳು. ಮೂರು ಜನ ಗೋದಾಮಿನ ಬೀಗಕ್ಕೆ ಕಬ್ಬಿಣದ ಸರಳು ಹಾಕಿದ್ದವರು ಬೆಳಕಿನಲ್ಲಿ ನಿಂತಿದ್ರು. "ಕೋವಿ ಇದೆ, ಪೊಲೀಸ್ ಬರ್ತಿದ್ದಾರೆ, ಹೋಗಿ" ಅಂತ ಕಿಟಕಿ ಮರೆಯಿಂದ ಕೂಗಿದಳು. ಒಬ್ಬ ಮನೆ ಕಡೆ ನಾಲ್ಕು ಹೆಜ್ಜೆ ಬಂದನಂತೆ. ಅವಳು ಇನ್ನೊಂದು ಸಲ ಕೂಗಿದಳು. ನಿಂತ. ತಿರುಗಿದ. ಮೂವರೂ ಬೇಲಿ ಹಾರಿ ಹೋದ್ರು. ಸರಳು, ಎರಡು ಗೋಣಿಚೀಲ ಬಿಟ್ಟುಹೋದ್ರು. ಒಂದು ಈಡೂ ಹಾರಲಿಲ್ಲ. ಲೈನ್ ಮನೆಯ ಜನ ಕೋಲು ಹಿಡಿದು ಬಂದದ್ದು ಆಮೇಲೆ. ಅವರು ಬಂದ ದಾರಿ ಗೋದಾಮಿನ ಹಿಂದಿನಿಂದ, ಅವಳ ಗುರಿಯ ನೇರಕ್ಕೇ. ಅಲ್ಲಿ ರೈಫಲ್ ಇದ್ದಿದ್ರೆ ಏನಾಗ್ತಿತ್ತು ಅಂತ ಈಗಲೂ ಭಾವನಿಗೆ ಹೇಳ್ತಿರ್ತೇನೆ.

ಪೊಲೀಸರು ಬಂದ ಕೂಡಲೇ ಅವಳು ಮಾಡಿದ್ದು ಕೋವಿ ಮುರಿದು, ತೋಟಾ ತೆಗೆದು, ಟೇಬಲ್ ಮೇಲಿಟ್ಟದ್ದು. ಲೈಸೆನ್ಸ್ ಪುಸ್ತಕ ಪಕ್ಕದಲ್ಲಿ. ಇದನ್ನೂ ಅಭ್ಯಾಸ ಮಾಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಸ್ವರಕ್ಷಣೆಯ ಹಕ್ಕು ಅದರಲ್ಲಿ 34ರಿಂದ 44ನೇ ಸೆಕ್ಷನ್ನಿನವರೆಗೆ ಇದೆ. ಒಮ್ಮೆ ವಕೀಲರ ಹತ್ತಿರ ಕೂತು ಓದಿಸಿಕೊಳ್ಳಿ. ಎಷ್ಟು ಬೇಕೋ ಅಷ್ಟೇ ಬಲ, ಅದಕ್ಕಿಂತ ಜಾಸ್ತಿ ಇಲ್ಲ. ಓಡ್ತಿರೋನ ಬೆನ್ನಿಗೆ ಹೊಡೆದ್ರೆ ಯಾವ ಸೆಕ್ಷನ್ನೂ ಕಾಯಲ್ಲ. ನಾಲ್ಕು ಮೂಟೆ ಮೆಣಸು ಹೋದ್ರೆ ಹೋಗಲಿ.

ಒಟ್ಟು ಖರ್ಚು ಬಾಯಿಲೆಕ್ಕದಲ್ಲಿ ಹೇಳ್ತೇನೆ. ಕೋವಿ, ಹಿಡಿ ಕೆಲಸ ಮೂವತ್ತನಾಲ್ಕು. ಬೀಗದ ಬೀರು ಹನ್ನೆರಡು. ಬೆಳಕು ಹದಿನೆಂಟು, ದಂಡ ಆದದ್ದು ಬಿಟ್ಟು. ಒಳಬಾಗಿಲಿಗೆ ಹೊಸ ಅಗುಳಿ, ಕಬ್ಬಿಣದ ಪಟ್ಟಿ ಹತ್ತು. ಕ್ಲಬ್ಬು, ತರಬೇತಿ, ತೋಟಾ ಎಲ್ಲ ಸೇರಿ ಇಪ್ಪತ್ತರ ಮೇಲೆ. ಲಕ್ಷಕ್ಕೆ ಸ್ವಲ್ಪ ಕಡಿಮೆ. ರೈಫಲ್ ಮಾರಿದ ನಲವತ್ತು ಕಳೆದ್ರೆ ಕೈಯಿಂದ ಬಿದ್ದದ್ದು ಐವತ್ತೈದರ ಆಸುಪಾಸು. ಈ ಬೇಸಿಗೆಯಲ್ಲಿ ಗೋದಾಮಿನ ಹಿಂದೆ, ಲೈನ್ ಮನೆಗಳ ಮುಂದೆ, ಎಂಟಡಿ ಎತ್ತರದ ಮಣ್ಣಿನ ಗೋಡೆ ಹಾಕಿಸ್ತಿದ್ದೇನೆ. ಮಣ್ಣು ನಮ್ಮದೇ ಕೆರೆ ಹೂಳು, ಕೂಲಿ ಮಾತ್ರ ಖರ್ಚು. ಒಂದಡಿ ದಪ್ಪ ಸಾಕಾ, ಒಂದೂವರೆ ಬೇಕಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಕ್ವಾರಿಗೆ ಮತ್ತೊಮ್ಮೆ ಹೋಗಬೇಕು.